ಶಿವದಾರ ಹರಿದ ರಾತ್ರಿ

ಪಂಚಮಿ ಉಂಡಿ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. 2019ರ ಆಗಸ್ಟ್ 5, ಸೋಮವಾರ ನಾಗರ ಪಂಚಮಿ. ಹಿಂದಿನ ದಿನ ಹುತ್ತಕ್ಕೆ ಹಾಲೆರೆದು ಬರುವಾಗಲೇ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಓಣಿಯ ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯಲ್ಲಿ ಒಂದು ಮಗುವೂ ಕೂರಲಿಲ್ಲ. ಹಗ್ಗ ನೀರು ಕುಡಿದು ಕೆಳಗೆ ಜೋತುಬಿದ್ದಿತ್ತು. ಗುರುವಾರ ರಾತ್ರಿ ನನ್ನ ಮನೆಯ ಗೋಡೆ ನನ್ನ ಮೇಲೆ ಬಿತ್ತು.

ನಾನು ಮಾಸೂರಿನವಳು. ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಹೊರಗಿನವರಿಗೆ ನಮ್ಮೂರು ಅಂದರೆ ಸರ್ವಜ್ಞ, ಇಲ್ಲವೇ ಮದಗದ ಕೆಂಚಮ್ಮನ ಕೆರೆ. ಶಿಕಾರಿಪುರದ ಕಡೆಯಿಂದ ಬರುವ ಕುಮದ್ವತಿ ಗುಡ್ಡಗಳ ನಡುವೆ ಕೆರೆಯಾಗಿ ನಿಂತು, ಕೋಡಿ ಬಿದ್ದು, ಮುಂದೆ ಹೋಗಿ ತುಂಗಭದ್ರೆಗೆ ಸೇರುತ್ತಾಳೆ. ಕೋಡಿ ಬೀಳುವುದೆಂದರೆ ನಮಗೆ ಸಂಭ್ರಮ, ಬುತ್ತಿ ಕಟ್ಟಿಕೊಂಡು ನೋಡಲು ಹೋಗುವ ಮಂದಿ ನಾವು. ಆ ವಾರವೂ ಓಣಿಯ ಹುಡುಗರು ಬೈಕು ಹತ್ತಿ ಹೊರಟಿದ್ದರು.

ನದಿ ನನ್ನ ಮನೆಯನ್ನು ಕೊಚ್ಚಿಕೊಂಡು ಹೋಯಿತು ಅಂದರೆ ಕೇಳುವವರಿಗೆ ಚಂದ. ಹಾಗೇನೂ ಆಗಲಿಲ್ಲ. ನಮ್ಮದು ತಗ್ಗಿನ ಓಣಿ. ಗಟಾರದ ನೀರು, ಮೇಲಿನ ಹೊಲಗಳ ನೀರು ಎಲ್ಲ ಬಂದು ನಿಲ್ಲುವ ಜಾಗ. ಎಂಟು ದಿನ ಬಿಡದೆ ನೀರು ಕುಡಿದ ಮಣ್ಣಿನ ಗೋಡೆ ನೆನೆದ ಬೆಲ್ಲದ ಹಾಗೆ ಕುಸಿಯಿತು, ಅಷ್ಟೇ. ಆ ವಾರ ನಮ್ಮ ಹಾವೇರಿ ಜಿಲ್ಲೆಯಲ್ಲಿ ಬಿದ್ದವುಗಳಲ್ಲಿ ಬಹಳಷ್ಟು ಇಂಥ ಮಣ್ಣಿನ ಮನೆಗಳೇ. ಟಿವಿಯಲ್ಲಿ ತೋರಿಸುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ.

ಮನೆಯಲ್ಲಿ ಇದ್ದದ್ದು ನಾನು, ನಮ್ಮ ಅತ್ತಿ, ಇಬ್ಬರೇ. ನನ್ನ ಯಜಮಾನರು ತೀರಿಕೊಂಡು ಆಗ ಒಂಬತ್ತು ವರ್ಷ. ಮಗ ಬೆಂಗಳೂರಿನಲ್ಲಿ. ಅತ್ತಿಗೆ ಎಂಬತ್ತು ದಾಟಿತ್ತು. ಲಿಂಗಪೂಜೆ ಆಗದೆ ಚಹಾ ಸಹ ಮುಟ್ಟುವವರಲ್ಲ. ಆ ರಾತ್ರಿ ಕರೆಂಟು ಇರಲಿಲ್ಲ. ಮನೆಯೊಳಗೆ ನೀರು ಮೊಣಕಾಲಿಗೆ ಬಂದಾಗ ಅತ್ತಿಯನ್ನು ಎಬ್ಬಿಸಿ, ಹಳೆಯ ಗ್ವಾದಲಿಯ ಕಟ್ಟೆಯ ಮೇಲೆ ಕೂರಿಸಿದೆ. ದನ ಮಾರಿ ಎಷ್ಟೋ ವರ್ಷವಾಗಿತ್ತು, ಅಲ್ಲಿ ಕಟ್ಟಿಗೆ ಒಟ್ಟಿದ್ದೆವು. ಅಕ್ಕಿ ಡಬ್ಬಿ ಎತ್ತಿಡೋಣ ಅಂತ ನಾನು ಅಡಿಗೆ ಮನೆಗೆ ತಿರುಗಿದೆ. ಮೊದಲು ಹಂಚು ಪಟಪಟನೆ ಉದುರಿದವು. ಆಮೇಲೆ ಒಂದು ನಿಟ್ಟುಸಿರಿನಂಥ ಸದ್ದು. ಗೋಡೆ ಬೀಳುವಾಗ ದೊಡ್ಡ ಶಬ್ದ ಆಗುತ್ತದೆ ಅಂದುಕೊಂಡಿದ್ದೆ, ಆಗುವುದಿಲ್ಲ.

ತೊಲೆಯೊಂದು ಬಲಗಾಲಿನ ಮೇಲೆ ಅಡ್ಡ ಬಿದ್ದಿತ್ತು. ಕೂತ ಭಂಗಿಯಲ್ಲಿ ಸಿಕ್ಕಿಕೊಂಡಿದ್ದೆ, ನೀರು ಸೊಂಟದವರೆಗೆ. ನೋವಿಗಿಂತ ಮೊದಲು ಚಳಿ ಹತ್ತಿತು. ಸಾಯುತ್ತೇನೆ ಅನ್ನುವ ಯೋಚನೆ ಬರಬೇಕಿತ್ತು. ನನಗೆ ಬಂದದ್ದು ಗ್ರಂಥಾಲಯದ ಕೀಲಿಯ ಯೋಚನೆ: ಗೂಟಕ್ಕೆ ಹಾಕಿದ್ದೆ, ಗೂಟ ಇದ್ದ ಗೋಡೆಯೇ ಇಲ್ಲ, ನಾಳೆ ಬಾಗಿಲು ತೆಗೆಯುವುದು ಹೇಗೆ. ಮನುಷ್ಯರ ತಲೆ ಹೀಗೇ ಇರುತ್ತದೋ ನನ್ನದೊಂದೇ ಹೀಗೋ.

ಕತ್ತಲಲ್ಲಿ ಅತ್ತಿ ಓಂ ನಮಃ ಶಿವಾಯ ಅನ್ನುತ್ತಿದ್ದರು. ಆಗಾಗ ನಿಲ್ಲಿಸಿ, “ಇದ್ದೀಯೇನವಾ?”

“ಇದ್ದೀನ್ರಿ ಅತ್ತಿ.”

ಮತ್ತೆ ಜಪ. ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಒಂದು ಸಲ ನಾನು ಉತ್ತರ ಕೊಡಲಿಲ್ಲ, ಕಣ್ಣು ಮುಚ್ಚಿಹೋಗಿತ್ತು. ಆಗ ಅವರು ಕೂಗಿದ ಕೂಗಿಗೇ ಹಿಂದಿನ ಸಾಲಿನ ಸಾಬರ ಮನೆಯ ಹುಡುಗ ಟಾರ್ಚ್ ಹಿಡಿದು ಬಂದದ್ದು. ಅವರದೂ ಒಂದು ಗೋಡೆ ಬಿದ್ದಿತ್ತು. ಅವನು ಮೊದಲು ಅತ್ತಿಯನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ಒಯ್ದ. ಆಮೇಲೆ ನಾಲ್ಕು ಜನ ಬಂದು ಹಾರಿ ಹಾಕಿ ತೊಲೆ ಎತ್ತುವಷ್ಟರಲ್ಲಿ, ಗೋಡೆ ಬಿದ್ದು ಎರಡು ಎರಡೂವರೆ ತಾಸು ಆಗಿತ್ತಂತೆ.

ಅತ್ತಿಯ ಕೊರಳಿನ ಶಿವದಾರ ಹರಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಶನಿವಾರ ವಾಪಸ್ ಬಂದಾಗ ನಮ್ಮ ಓಣಿಯವರೆಲ್ಲ ಶಾಲೆಯಲ್ಲಿದ್ದರು. ಸರ್ಕಾರದ ಕಾಗದದಲ್ಲಿ ಪರಿಹಾರ ಕೇಂದ್ರ, ನಮ್ಮ ಬಾಯಲ್ಲಿ ಗಂಜಿ ಕೇಂದ್ರ. ಆಗ ರಾಜ್ಯದಲ್ಲಿ ಮುಖ್ಯಮಂತ್ರಿ ಒಬ್ಬರೇ ಇದ್ದರು, ಮಂತ್ರಿಗಳು ಇನ್ನೂ ಆಗಿರಲಿಲ್ಲ. ನಮ್ಮ ಕ್ಷೇತ್ರದ ಶಾಸಕರು ಅನರ್ಹರಾಗಿ ಹತ್ತು ಹನ್ನೆರಡು ದಿನವಾಗಿತ್ತು. ರಟ್ಟೀಹಳ್ಳಿ ತಾಲ್ಲೂಕು ಆಗಿಯೂ ಬಹಳ ದಿನವಾಗಿರಲಿಲ್ಲ. ಹಾಗಾಗಿ ಅಕ್ಕಿ ಬಂತು, ಬೇಳೆ ಬರಲಿಲ್ಲ. ಚಾಪೆ ಬಂತು, ಹೊದಿಕೆ ಬರಲಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ.

ಸಿಸ್ಟರ್‌ಗಳು ಮೂವರು ಶುಕ್ರವಾರವೇ ಬಂದಿದ್ದರಂತೆ. ನಮ್ಮ ಕಡೆ ಹಳ್ಳಿಗಳಲ್ಲಿ ಹೆಂಗಸರ ಸಂಘ ನಡೆಸುವವರು. ಅವರ ಕಾನ್ವೆಂಟಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಡ ಅಂದಿದ್ದಾರೆ. ಮೂವರಲ್ಲಿ ಒಬ್ಬರು ನನ್ನನ್ನು ನೋಡಿಕೊಂಡರು. ನಲವತ್ತರ ಆಸುಪಾಸು, ಕೇರಳದವರು, ಕನ್ನಡ ಕಲಿತದ್ದು ಮಂಗಳೂರಿನಲ್ಲಿ. “ನೋವು ಉಂಟಾ ಅಕ್ಕಾ?” ಅಂತ ಕೇಳಿದಾಗ ನಮ್ಮ ಹೆಂಗಸರು ಅಷ್ಟು ಕಷ್ಟದಲ್ಲೂ ಮುಸಿಮುಸಿ ನಕ್ಕರು. ಎರಡೇ ದಿನಕ್ಕೆ ಮಕ್ಕಳೆಲ್ಲ ಉಂಟು ಉಂಟು ಅನ್ನತೊಡಗಿದವು.

ಮುರಿದ ಕಾಲಿನವಳಿಗೆ ಗಂಜಿ ಕೇಂದ್ರದಲ್ಲಿ ಅನ್ನ ನೀರಿನದಲ್ಲ ಚಿಂತೆ, ಪಾಯಿಖಾನೆಯದು. ನೂರಾರು ಜನಕ್ಕೆ ಶಾಲೆಯ ಎರಡು ಪಾಯಿಖಾನೆ. ಎರಡನೆಯ ದಿನಕ್ಕೇ ತುಂಬಿ ಹೊರಗೆ ಹರಿಯುತ್ತಿದ್ದವು. ಏನು ಮಾಡೋಣ ಅಂತ ಹಿರಿಯರು ಮಾತಾಡಿಕೊಂಡರು, ಮಾತಾಡುತ್ತಲೇ ಮೂಲೆಯ ಕೋಣೆಯಲ್ಲಿದ್ದ ಕೇರಿಯ ಹೆಂಗಸರ ಕಡೆ ನೋಡಿದರು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬರೀ ನೋಡಿದರು. ಅವರೂ ನಮ್ಮ ಹಾಗೆ ಮನೆ ಕಳೆದುಕೊಂಡು ಬಂದವರು. ಅವರಲ್ಲಿ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಳುವಷ್ಟರಲ್ಲಿ ಈ ಸಿಸ್ಟರ್ ಕಸಬರಿಗೆ, ಫಿನಾಯಿಲ್ ಹಿಡಿದು ಒಳಗೆ ಹೋಗಿಯಾಗಿತ್ತು. ಆ ನೋಟ ಅವರಿಗೆ ಅರ್ಥವಾಗಿತ್ತೋ ಇಲ್ಲವೋ ನಾನು ಕೇಳಿಲ್ಲ. ನಾನೂ ನೋಡಿದವರಲ್ಲಿ ಒಬ್ಬಳು. ಅದಕ್ಕೇ ಕೇಳಿಲ್ಲ.

ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ನನ್ನನ್ನು ಹೆಗಲಿಗೆ ಆನಿಸಿಕೊಂಡು ಒಯ್ದು, ಕುರ್ಚಿ ಇಟ್ಟು ಕೂರಿಸಿ, ತೊಳೆದು ಕರೆದುಕೊಂಡು ಬಂದವರು ಅವರೇ. ನನ್ನ ತಾಯಿ ತೀರಿದ ಮೇಲೆ ನನ್ನ ಮೈ ಮತ್ತೊಬ್ಬರು ತೊಳೆದಿರಲಿಲ್ಲ. ಮೊದಲ ಸಲ ಗೋಡೆ ಕಡೆ ಮುಖ ಮಾಡಿ ಅತ್ತೆ. ಕೊಡುವ ಕೈ ಮೇಲೆ ಅಂತ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಕೆಳಗಿನ ಕೈಗೆ ಏನೇನಾಗುತ್ತದೆ ಅಂತ ಯಾರೂ ಕಲಿಸಿರುವುದಿಲ್ಲ.

ನನಗೆ ಸಂಶಯವೂ ಇತ್ತು. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಬೆಲೆ ಇಲ್ಲ. ಊರಿನ ದೊಡ್ಡವರೊಬ್ಬರು ಬಂದು, “ಹುಷಾರಿರ್ರಿ, ಅಕ್ಕಿ ಕೊಟ್ಟು ಜಾತಿ ಕೆಡಸ್ತಾರ ಇವರು” ಅಂದು ಹೋಗಿದ್ದರು. ಸಿಸ್ಟರ್ ಹತ್ತಿರ ಒಂದು ಕರಿ ಬ್ಯಾಗಿತ್ತು. ಅದರೊಳಗಿಂದ ಪುಸ್ತಕ ಯಾವಾಗ ಹೊರಗೆ ಬರುತ್ತದೆ ಅಂತ ನಾನು ಮಲಗಿದಲ್ಲಿಂದಲೇ ಮೂರು ದಿನ ಕಾದೆ. ಹೊರಗೆ ಬಂದದ್ದು ಡೆಟಾಲು, ಹತ್ತಿ, ಹುಡುಗಿಯರಿಗೆ ಪ್ಯಾಡು, ಹೇನಿನ ಬಾಚಣಿಕೆ, ಒಂದು ಸಲ ಬಾಳೆಹಣ್ಣು.

ಹೆದರಿಕೆ ಬುಡವಿಲ್ಲದ್ದೂ ಅಲ್ಲ. ಧಾತು, ಈಶ್ವರ ಸಂವತ್ಸರದ ಬರ, ಅಂದರೆ 1876ರಿಂದ 78ರ ಬರ, ನಮ್ಮ ಧಾರವಾಡ ಸೀಮೆಯನ್ನು ಹಿಂಡಿದಾಗ ಬಾಸೆಲ್ ಮಿಶನ್ನಿನ ಪಾದ್ರಿಗಳು ತಬ್ಬಲಿ ಮಕ್ಕಳನ್ನು ಎತ್ತಿಕೊಂಡು ಸಾಕಿದರು. ಧಾರವಾಡಕ್ಕೆ ಅವರು ಬಂದದ್ದು 1837ರಲ್ಲಿ, ಮುಂದೆ ಹುಬ್ಬಳ್ಳಿ, ಬೆಟಗೇರಿಗೆ. ಸಾಕಿದ ಮಕ್ಕಳು ಬದುಕಿದವು, ಕ್ರೈಸ್ತರಾಗಿ ಬೆಳೆದವು. ಎರಡೂ ನಿಜ. ಬದುಕಿದ್ದನ್ನು ಒಂದು ಕಡೆಯವರು ಹೇಳುತ್ತಾರೆ, ಕ್ರೈಸ್ತರಾದದ್ದನ್ನು ಇನ್ನೊಂದು ಕಡೆಯವರು. ನಮ್ಮ ಅತ್ತಿಗೆ ಅವರ ಅಜ್ಜಿ ಹೇಳಿದ್ದು “ಪಾದ್ರಿ ಹುಡುಗರನ್ನ ಒಯ್ತಾನ” ಅನ್ನುವ ಒಂದೇ ಮಾತು. ಆ ಹುಡುಗರನ್ನು ರಸ್ತೆಯ ಮೇಲೆ ಬಿಟ್ಟವರು ಯಾರು ಅಂತ ಆ ಅಜ್ಜಿ ಹೇಳಿರಲಿಲ್ಲ. ನಾನು ಗ್ರಂಥಾಲಯದಲ್ಲಿ ಕೂತು ಇದನ್ನೆಲ್ಲ ಓದಿದ್ದು ಆಮೇಲೆ, ಊರುಗೋಲಿನ ದಿನಗಳಲ್ಲಿ. ನನ್ನ ಮೇಲೆ ಉದುರಿದ ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಹಾಕಿದವರೂ ಇದೇ ಮಿಶನ್ನಿನವರು ಅಂತ ಗೊತ್ತಾದಾಗ ಒಬ್ಬಳೇ ನಕ್ಕೆ. ಐವತ್ತು ವರ್ಷ ಅದರ ಕೆಳಗೆ ಮಲಗಿದ್ದ ಅತ್ತಿಯ ಜಾತಿ ಕೆಟ್ಟಿರಲಿಲ್ಲ.

2022ರಲ್ಲಿ ಮತಾಂತರದ ಕಾಯ್ದೆ ಬಂದಾಗ ಪೇಪರಿನಲ್ಲಿ ‘ಆಮಿಷ’ ಅನ್ನುವುದಕ್ಕೆ ಕೊಟ್ಟ ಅರ್ಥ ಓದಿದೆ. ಉಡುಗೊರೆ, ಹಣ, ನೌಕರಿ, ಬಿಟ್ಟಿ ಶಿಕ್ಷಣ. ಪಾಯಿಖಾನೆ ತೊಳೆಯುವುದು ಯಾವ ಸಾಲಿಗೆ ಬರುತ್ತದೆ ಅಂತ ಹುಡುಕಿದೆ.

ಈಗ ಅತ್ತಿಯ ವಿಷಯಕ್ಕೆ ಬರುತ್ತೇನೆ. ನಾನು ಆಸ್ಪತ್ರೆಯಿಂದ ಬಂದಾಗ ಅವರು ಗುರುವಾರ ರಾತ್ರಿಯಿಂದ ಏನೂ ಉಂಡಿರಲಿಲ್ಲ. ಬೆಳಗಾಗಿ ಕೊರಳು ಮುಟ್ಟಿ ನೋಡಿಕೊಂಡಾಗಲೇ ಗೊತ್ತಾಗಿದ್ದು, ಕರಡಿಗೆ ಇಲ್ಲ. ಕರಡಿಗೆಯೊಳಗೆ ಎಂಟನೆಯ ವಯಸ್ಸಿಗೆ ಕಟ್ಟಿಸಿಕೊಂಡ ಇಷ್ಟಲಿಂಗ. ಓಣಿಯವರು ಹಾಲು ಹಿಡಿದರು, ಹಣ್ಣು ಹಿಡಿದರು. “ಲಿಂಗ ಇಲ್ದ ಬಾಯಿಗೆ ಅನ್ನ ಹ್ಯಾಂಗ ಇಡ್ಲಿ?” ನೀರಿಗೆ ದೋಷವಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಬರೀ ನೀರು ಗುಟುಕರಿಸುತ್ತಿದ್ದರು. ಅವರ ಕೊರಳನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕತ್ತಲಲ್ಲಿ ಅವರನ್ನು ಗ್ವಾದಲಿಗೆ ಎಳೆದು ಕೂರಿಸಿದವಳು ನಾನೇ.

ನಮ್ಮವರು ಎಲ್ಲರೂ ಹೇಳಿದ್ದು ಒಂದೇ: “ಆಪತ್ತಿನಾಗ ನಡೀತೈತಿ, ಉಣ್ಣಬೇ ಅಜ್ಜಿ.” ಸಿಸ್ಟರ್ ಹಾಗೆ ಹೇಳಲಿಲ್ಲ. ನನ್ನ ಪಕ್ಕ ಕೂತು, ಕಿವಿಯೋಲೆ ಕಳೆದುಹೋದವರನ್ನು ಕೇಳುವ ಹಾಗೆ ಕೇಳಿದರು. “ಎಷ್ಟು ದೊಡ್ಡದು ಉಂಟು? ಬೆಳ್ಳಿಯದಾ? ದಾರ ಯಾವ ಬಣ್ಣ?” ಆಮೇಲೆ ಸಾಬರ ಮನೆಯ ಆ ಹುಡುಗನನ್ನು ಕರೆದುಕೊಂಡು, ಸಲಿಕೆ, ಮರಳು ಸೋಸುವ ಜರಡಿ ಹಿಡಿದು ನಮ್ಮ ಬಿದ್ದ ಮನೆಗೆ ಹೋದರು.

ಕನ್ಯಾಸ್ತ್ರೀ, ಸಾಬರ ಹುಡುಗ, ಲಿಂಗಾಯತರ ಅಜ್ಜಿಯ ಲಿಂಗ. ಇದನ್ನು ಹೀಗೆ ಬರೆದರೆ ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳು ಮಾಡುವ ರೂಪಕದ ಹಾಗೆ ಕಾಣುತ್ತದೆ. ನಡೆದದ್ದು ಅಷ್ಟು ಚಂದ ಇರಲಿಲ್ಲ. ಹುಡುಗನಿಗೆ ಸಿಟ್ಟು. ಅವರ ಮನೆಯ ಸಾಮಾನು ಇನ್ನೂ ಕೆಸರಿನಲ್ಲಿದ್ದವು, ಅವರವ್ವ ಬೈಯುತ್ತಿದ್ದಳು. ಅತ್ತಿಗೆ ವಿಷಯ ತಿಳಿದು ನನ್ನ ಮೇಲೆ ಹರಿಹಾಯ್ದರು: “ಯಾರ್‍ಯಾರ ಕೈಲೆ ನನ್ನ ಲಿಂಗ ಹುಡುಕಸ್ತೀಯೇ? ಸಿಕ್ಕರೂ ನಾ ಮುಟ್ಟೂದಿಲ್ಲ.” ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಸಂಜೆ ಸಿಸ್ಟರ್‌ಗೂ ಯಾರೋ ಹೇಳಿದರು. “ಸಿಗಲಿ ಮೊದಲು, ಆಮೇಲೆ ಬೈಯಲಿ” ಅಂದರಂತೆ.

ಹೊಸ್ತಿಲು ದಾಟುವಾಗ ಏನೋ ಜಗ್ಗಿದ ಹಾಗಾಗಿತ್ತು ಅಂತ ಹುಡುಗ ಹೇಳಿದ್ದಕ್ಕೆ ಹೊಸ್ತಿಲ ಸುತ್ತ, ಅಂಗಳ, ಓಣಿಯ ಅರ್ಧದವರೆಗೆ ಕೆಸರು ಎತ್ತಿ ಎತ್ತಿ ಸೋಸಿದರು. ನಾಲ್ಕು ತಾಸು. ಎರಡು ಚಮಚ ಸಿಕ್ಕವು, ಒಂದು ಕಾಲುಂಗುರ ಸಿಕ್ಕಿತು, ನನ್ನ ಗ್ರಂಥಾಲಯದ ಕೀಲಿ ಸಿಕ್ಕಿತು. ಲಿಂಗ ಸಿಗಲಿಲ್ಲ. ಸಿಸ್ಟರ್ ಬಂದಾಗ ಬಿಳಿ ಸೀರೆ ಎದೆಯವರೆಗೆ ಕೆಂಪಾಗಿತ್ತು. ಕೀಲಿಯನ್ನು ನನ್ನ ಕೈಗಿಟ್ಟು, “ಸಾರಿ ಅಕ್ಕಾ” ಅಂದರು, ತಾವೇ ಕಳೆದವರ ಹಾಗೆ.

ಮರುದಿನ ಭಾನುವಾರ. ಅವರಿಗೆ ಬಲಿಪೂಜೆಯ ದಿನ. ಅದನ್ನು ಮುಗಿಸಿ ಬಂದವರೇ ಜೀಪು ತಿರುಗಿಸಿಕೊಂಡು ಹತ್ತಿರದ ಒಂದು ಮಠಕ್ಕೆ ಹೋದರು. ಮಠದ ಬಾಗಿಲಲ್ಲಿ ಸಿಸ್ಟರನ್ನು ನೋಡಿ ದೇಣಿಗೆ ಕೇಳಲು ಬಂದಿದ್ದಾರೆ ಅಂದುಕೊಂಡರಂತೆ. “ಒಂದು ಲಿಂಗ ಬೇಕಿತ್ತು, ಕಟ್ಟುವವರೂ ಬೇಕು.” “ಯಾರಿಗ್ರೀ?” “ನಮ್ಮ ಅಜ್ಜಿಗೆ.” ಇದನ್ನು ಜೀಪಿನ ಡ್ರೈವರ್ ನನಗೆ ಎಷ್ಟು ಸಲ ಹೇಳಿದ್ದಾನೋ. ಪ್ರತಿ ಸಲವೂ ‘ನಮ್ಮ ಅಜ್ಜಿಗೆ’ ಅನ್ನುವಾಗ ಅವರ ರಾಗದಲ್ಲೇ ಹೇಳುತ್ತಾನೆ.

ಮಧ್ಯಾಹ್ನ ಅಯ್ಯನವರು ಅದೇ ಜೀಪಿನಲ್ಲಿ ಬಂದರು. ನಾಲ್ಕನೆಯ ತರಗತಿಯ ಕೋಣೆ, ಬೋರ್ಡಿನ ಮೇಲೆ ಹದಿಮೂರರ ಮಗ್ಗಿ ಹಾಗೇ ಇತ್ತು. ಅತ್ತಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಲಿಂಗ ಕಟ್ಟಿದರು. ಬೆಳ್ಳಿ ಕರಡಿಗೆ ಇಲ್ಲ, ಬಿಳಿ ಅರಿವೆಯಲ್ಲಿ ಸುತ್ತಿ ದಾರ ಹಾಕಿದ್ದು. ಸಿಸ್ಟರ್ ಒಳಗೆ ಬರಲಿಲ್ಲ. ವರಾಂಡದಲ್ಲಿ ಮಕ್ಕಳ ತಲೆ ಬಾಚುತ್ತಾ ಕೂತಿದ್ದರು. ಪೂಜೆಯಾಯಿತು. ಅತ್ತಿ ಎರಡು ದಿನದ ಮೇಲೆ ಅನ್ನ ಸಾರು ಕಲಸಿಕೊಂಡು ಮೊದಲ ತುತ್ತು ಎತ್ತಿ, ಅಲ್ಲಿಗೇ ನಿಲ್ಲಿಸಿ ನನ್ನನ್ನು ಕೇಳಿದರು:

“ಆಕಿ ಉಂಡ್ಳೇನು?”

ಅವರ ಬಾಯಲ್ಲಿ ಸಿಸ್ಟರ್ ಬಗ್ಗೆ ಬಂದ ಮೊದಲ ಮೆದು ಮಾತು ಅದು. ಕ್ಷಮೆ ಕೇಳಲಿಲ್ಲ, ಉಪಕಾರ ಅಂತಲೂ ಅನ್ನಲಿಲ್ಲ. ಅತ್ತಿ ಅಂಥವರಲ್ಲ. ಆದರೆ ಆ ರಾತ್ರಿ ಸಿಸ್ಟರ್ ಬಾಗಿಲ ಬಳಿ ಕೂತು ಜಪಮಾಲೆ ತಿರುಗಿಸುವಾಗ ನಮ್ಮ ಅತ್ತಿ ಬಹಳ ಹೊತ್ತು ನೋಡಿ, “ಎಷ್ಟು ಮಣಿ ತಂಗೆವ್ವಾ?” ಅಂತ ಕೇಳಿದರು. 59 ಅಂದರು ಅವರು. “ನಮ್ದು 108” ಅಂದು ಅತ್ತಿ ಗೆದ್ದವರ ಹಾಗೆ ಮಗ್ಗುಲಾದರು.

ಸೋಮವಾರ ಶ್ರಾವಣ ಸೋಮವಾರವೂ ಹೌದು, ಬಕ್ರೀದೂ ಹೌದು. ಸಾಬರ ಗಂಡಸರು ಶಾಲೆಯ ಹಿಂದಿನ ಕಟ್ಟೆಯ ಮೇಲೆ ನಮಾಜು ಮಾಡಿ ಬಂದರು. ಒಲೆ ಒಂದೇ, ಹಾಗಾಗಿ ಎಲ್ಲರಿಗೂ ಶಾವಿಗೆ ಪಾಯಸ. ಗಲಾಟೆ ಆಗಬಹುದಿತ್ತು, ಆಗಲಿಲ್ಲ. ಮಳೆಗೆ ಎಲ್ಲರಿಗೂ ಸಾಕಾಗಿ ಹೋಗಿತ್ತು.

ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. “ಯಾಕ್ರೀ ಸಿಸ್ಟರ್, ನಮಗ ಯಾಕ ಇಷ್ಟು ಮಾಡ್ತೀರಿ?”

ನನ್ನ ಪ್ಲಾಸ್ಟರಿನ ಸಂದಿಗೆ ಕಡ್ಡಿ ಹಾಕಿ ತುರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಯೇಸುಸ್ವಾಮಿ ಹೇಳಿದ್ದಾರೆ ಅಂದರೆ ನೀವು ಹೆದರುತ್ತೀರಿ ಅಕ್ಕಾ. ಹೇಳದಿದ್ದರೆ ನಾನು ಸುಳ್ಳು ಹೇಳಿದ ಹಾಗೆ.” ಸ್ವಲ್ಪ ಹೊತ್ತು ಬಿಟ್ಟು ತಮ್ಮ ಊರಿನ ಮಾತು ತೆಗೆದರು. ಅವರದು ಕುಟ್ಟನಾಡು, ಸಮುದ್ರಕ್ಕಿಂತ ಕೆಳಗಿರುವ ಗದ್ದೆಗಳ ನಾಡು. 2018ರ ಆಗಸ್ಟಿನಲ್ಲಿ, ಕೇರಳದಲ್ಲಿ 400ಕ್ಕೂ ಹೆಚ್ಚು ಜನ ಸತ್ತ ಆ ನೆರೆಯಲ್ಲಿ, ಅವರ ತಾಯಿ ಅಟ್ಟದ ಮೇಲೆ ಎರಡು ರಾತ್ರಿ ಕೂತಿದ್ದರಂತೆ. ಮೀನುಗಾರರು ಸಮುದ್ರದ ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಬಂದು ಜನರನ್ನು ಹೊತ್ತು ಒಯ್ದರಲ್ಲ, ಅಂಥ ಒಂದು ದೋಣಿ ಅವರಮ್ಮನನ್ನೂ ಒಯ್ದಿತ್ತು. “ದೋಣಿಯವನ ಹೆಸರು ಅಮ್ಮನಿಗೆ ಗೊತ್ತಿಲ್ಲ. ಯಾವ ಜಾತಿ ಅಂತಲೂ ಗೊತ್ತಿಲ್ಲ. ನಾನಾಗ ಇಲ್ಲೇ ಇದ್ದೆ, ನಿಮ್ಮ ಜಿಲ್ಲೆಯಲ್ಲಿ. ಹೋಗಲಿಕ್ಕೆ ಆಗಲಿಲ್ಲ.” ಅಷ್ಟು ಹೇಳಿ ಕಡ್ಡಿಯನ್ನು ಒರೆಸಿ ಬ್ಯಾಗಿಗೆ ಹಾಕಿಕೊಂಡರು.

ಹತ್ತು ಹನ್ನೆರಡು ದಿನ ಇದ್ದು ಹೋದರು. ಹೋಗುವಾಗ ಕೈ ಮುಗಿಯಲು ಬಂದ ಹುಡುಗನಿಗೆ ಜರಡಿಯನ್ನು ಮನೆ ಕಟ್ಟುವಾಗ ಬೇಕಾಗುತ್ತದೆ, ಇಟ್ಟುಕೋ ಅಂದರು.

ನಂತರದ್ದು ಎಲ್ಲರ ಕಥೆಯೇ. ತುರ್ತು ಪರಿಹಾರ 10,000 ರೂಪಾಯಿ ಬಂತು. ಅಳತೆಗೆ ಬಂದವರು ಮನೆಯನ್ನು ‘ಬಿ’ ಅಂತ ಬರೆದುಕೊಂಡು ಹೋದರು. ಪೂರ್ತಿ ಬಿದ್ದದ್ದು ‘ಎ’, ಅದಕ್ಕೆ ಆಗ 5 ಲಕ್ಷ. ನಿಂತಿದ್ದ ಒಂದೇ ಒಂದು ಗೋಡೆ ನನಗೆ ಅಡ್ಡ ಬಂದಿತ್ತು. ಅದು ಮುಂದಿನ ಮಳೆಗೆ ತಾನಾಗಿ ಬಿದ್ದು ಉಪಕಾರ ಮಾಡಿತು. ಓಡಾಡಿ ಓಡಾಡಿ ‘ಎ’ ಆಗುವ ಹೊತ್ತಿಗೆ ಊರುಗೋಲು ಬಿಟ್ಟಿದ್ದೆ, ಲಾಕ್‌ಡೌನ್ ಬಂದಿತ್ತು.

ಅತ್ತಿ 2020ರ ಮೇ ತಿಂಗಳಲ್ಲಿ ಹೋದರು, ಬಾಡಿಗೆ ಕೋಣೆಯಲ್ಲಿ. ಮಣ್ಣಿಗೆ 20 ಜನಕ್ಕಿಂತ ಹೆಚ್ಚು ಸೇರಬಾರದು ಅನ್ನುವ ಕಾಲ. ಕೂತ ಭಂಗಿಯಲ್ಲಿ, ಎಡಗೈಯಲ್ಲಿ ಲಿಂಗ ಇಟ್ಟು ಸಮಾಧಿ ಮಾಡಿದೆವು. ಅದೇ ಲಿಂಗ, ಮಠದಿಂದ ಜೀಪಿನಲ್ಲಿ ಬಂದದ್ದು. ಸಿಸ್ಟರ್ ಫೋನಿನಲ್ಲಿ ಬಹಳ ಹೊತ್ತು ಏನೂ ಮಾತಾಡಲಿಲ್ಲ, ಇಟ್ಟೂ ಇಡಲಿಲ್ಲ.

ಹೊಸ ಮನೆಗೆ ಪಾಯ ತೆಗೆಸಿದ್ದು ಮರುವರ್ಷ. ಪಾಯದ ಫೋಟೊ ಹಾಕಿದರೆ ಮುಂದಿನ ಕಂತು. ಗ್ವಾದಲಿ ಇದ್ದ ಮೂಲೆಯಲ್ಲಿ ಗುದ್ದಲಿ ಹಾಕಿದ ಆಳು ಏನೋ ಹೊಳೆದದ್ದನ್ನು ಎತ್ತಿ, ಮಣ್ಣು ಒರೆಸಿ ನನಗೆ ಕೊಟ್ಟ. ಕರಡಿಗೆ. ಒಂದು ಮಗ್ಗುಲು ನೆಗ್ಗಿತ್ತು, ದಾರದ ಕಪ್ಪು ತುದಿ ಇನ್ನೂ ಕೊಂಡಿಯಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ಲಿಂಗ ಹಾಗೇ ಇತ್ತು. ಅಯ್ಯನವರನ್ನು ಕೇಳಿದೆ, ಹರಿಯುವ ನೀರಿಗೆ ಬಿಡು ಅಂದರು. ಬಿಡುವ ಮೊದಲು ಸಿಸ್ಟರ್‌ಗೆ ಫೋನ್ ಮಾಡಿದೆ. ಆ ಹೊತ್ತಿಗೆ ಅವರು ವರ್ಗವಾಗಿ ದೂರದ ಯಾವುದೋ ರಾಜ್ಯಕ್ಕೆ ಹೋಗಿದ್ದರು, ಕನ್ನಡ ಸ್ವಲ್ಪ ತಡವರಿಸುತ್ತಿತ್ತು.

“ಎಲ್ಲಿ ಸಿಕ್ಕಿತು?”

“ಗ್ವಾದಲಿ ಹತ್ರ್ರೀ. ಒಳಗಿನ ಮೂಲಿ.”

“ಅಯ್ಯೋ,” ಅಂದರು. “ಅಲ್ಲಿ ನಾವು ಅಗೆಯಲೇ ಇಲ್ಲ ಅಕ್ಕಾ.”